500 ಮೈಕ್ರಾನ್ ಕೃಷಿ ಹೊಂಡದ ಹಾಳೆ: ಮಾಲು ಪರವಾಗಿಲ್ಲ, ಹಾಸುವ ಕೆಲಸ ನೋಡಿಕೊಳ್ಳಿ

ನಾಲ್ಕೈದು ಮನೆಯವರು ಸೇರಿ ಒಂದೇ ಹೊಂಡ ತೋಡಿ, ಮಳೆ ನೀರು ಹಿಡಿದು ಹಂಚಿಕೊಳ್ಳೋಣ ಅಂತ ಹೊರಟರೆ, ಅಗೆತ ಬಿಟ್ಟರೆ ದೊಡ್ಡ ಖರ್ಚು, ನೀರು ಇಂಗದಂತೆ ಹೊಂಡದೊಳಗೆ ಹಾಸುವ ಈ ಕಪ್ಪು ಹಾಳೆಯದ್ದೇ. ನಾವು ಹಾಕಿಸಿದ್ದು 500 ಮೈಕ್ರಾನ್ ಎಚ್‌ಡಿಪಿಇ ಹಾಳೆ, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್. ಹಾಳೆಗೆ 5ಕ್ಕೆ 4 ಕೊಡುತ್ತೇನೆ. ಹಾಸಲು ಬಂದವರಿಗೆ 2, ಅದೂ ಬಿಸಿಲಲ್ಲಿ ದುಡಿದರು ಅನ್ನೋ ಕಾರಣಕ್ಕೆ.

ಕೊಳ್ಳುವ ಮೊದಲು ಒಂದು ಮಾತು. ಇದು ಎಲ್ಲರಿಗೂ ಬೇಕಾಗಿಲ್ಲ. ಜಿಗುಟು ಮಣ್ಣಾದರೆ ಅದೇ ನೀರು ಹಿಡಿದುಕೊಳ್ಳುತ್ತದೆ, ಸುಮ್ನೆ ದುಡ್ಡು ದಂಡ. ಹೊಂಡ ತೋಡುವ ಜಾಗದಲ್ಲೇ ಒಂದು ಗುಂಡಿ ತೆಗೆದು, ನೀರು ತುಂಬಿ, ಒಮ್ಮೆ ಇಂಗಿದ ಮೇಲೆ ಮತ್ತೆ ತುಂಬಿ ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ಬಹುಪಾಲು ಉಳಿದಿದ್ದರೆ ಹಾಳೆ ಮರೆತುಬಿಡಿ. ಇನ್ನೊಂದು, ಹಾಳೆ ಹಾಸಿದ ಹೊಂಡದಿಂದ ಒಂದು ಹನಿಯೂ ಭೂಮಿಗೆ ಇಳಿಯುವುದಿಲ್ಲ. ಪಕ್ಕದ ಬಾವಿಗೆ ಜಲ ಬರಲಿ ಅನ್ನುವವರು ಹಾಸದ ಹೊಂಡವನ್ನೇ ಮಾಡಬೇಕು. ಇದನ್ನು ಮಾರುವವರು ಯಾಕೆ ಹೇಳ್ತಾರೆ, ಅಲ್ವಾ?

ಅಳತೆ ವಿಷಯಕ್ಕೆ ಬರೋಣ, ಜಾಸ್ತಿ ಜನ ಎಡವುವುದು ಇಲ್ಲೇ. ಹೊಂಡದ ಬಾಯಿ 20 ಮೀಟರ್ ಉದ್ದ, 20 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಆಳ 3 ಮೀಟರ್. ಪ್ರತಿ ಮೀಟರ್ ಇಳಿದಂತೆ ಒಂದೂವರೆ ಮೀಟರ್ ಒಳಗೆ ಬರುವ ಇಳಿಜಾರಾದರೆ ತಳ 11 ಮೀಟರ್ ಚೌಕ ಉಳಿಯುತ್ತದೆ. ಬಾಯಿಯ ಅಳತೆಗೆ 400 ಚದರ ಮೀಟರ್ ಹಾಳೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಳಿಜಾರಿನ ಮೇಲೆ ಟೇಪು ಹಿಡಿದರೆ ಒಂದು ಬದಿಯೇ 5.4 ಮೀಟರ್ ಬರುತ್ತದೆ. ಎರಡು ಬದಿ, ನಡುವಿನ ತಳ, ದಡದ ಸುತ್ತ ಚರಂಡಿ ತೆಗೆದು ಅಂಚು ಹೂಳಲು ಎರಡೂ ಕಡೆ ಒಂದೊಂದು ಮೀಟರ್, ಎಲ್ಲ ಕೂಡಿದರೆ ಹತ್ತಿರ ಹತ್ತಿರ 24 ಮೀಟರ್. ಅಂದರೆ 576 ಚದರ ಮೀಟರ್ ಬೇಕು. ಕಡಿಮೆ ಬಿತ್ತು ಅಂತ ಎಳೆದು ಬಿಗಿದರೆ ನೀರಿನ ಭಾರಕ್ಕೆ ಬೆಸುಗೆ ಬಿಡುತ್ತದೆ. ನೇಯ್ದು ಲ್ಯಾಮಿನೇಟ್ ಮಾಡಿದ ಹಾಳೆಯಾದರೆ ಅದರ ಮೇಲೆ ಐಎಸ್ 15351 ಅಂತ, ಅಂದರೆ ಇಂಥ ಹಾಳೆಯ ಭಾರತೀಯ ಗುಣಮಟ್ಟದ ಸಂಖ್ಯೆ, ಅಚ್ಚಾಗಿದೆಯೇ ನೋಡಿ.

ಇನ್ನು ಹಾಸುವ ಕೆಲಸ. ಬಂದವರು ಜೆಸಿಬಿ ಗೀರಿದ ಇಳಿಜಾರಿನ ಮೇಲೇ, ಕಲ್ಲು ಆರಿಸದೆ, ಬೇರಿನ ತುಂಡು ಕತ್ತರಿಸದೆ, ಹಾಳೆ ಬಿಚ್ಚಿ ಎಳೆದರು. ಕೇಳಿದರೆ "ನೀರು ತುಂಬಿದರೆ ಎಲ್ಲ ಕೂತ್ಕೊಳ್ಳುತ್ತೆ" ಅಂದರು. ಕೂತ್ಕೊಂಡಿತು, ಕಲ್ಲಿನ ಮೊನೆಯ ಮೇಲೆ. ಅಡಿಯಲ್ಲಿ ಜರಡಿ ಹಿಡಿದ ಮಣ್ಣನ್ನು ತೆಳುವಾಗಿ ಹರಡಿ ತಟ್ಟಿಸಿದ್ದರೆ ಈ ತೂತುಗಳೇ ಆಗುತ್ತಿರಲಿಲ್ಲ. ಮೂಲೆಗಳಲ್ಲಿ ಮಡಿಕೆ ಮಡಿಕೆಯಾಗಿ ಉಳಿದಿದೆ, ಹೂಳೆಲ್ಲ ಅಲ್ಲೇ ಸೇರುತ್ತದೆ. ಹೊಂಡದ ಆಕಾರಕ್ಕೆ ಮೊದಲೇ ಬೆಸೆದು ತಂದರೆ ಈ ತಾಪತ್ರಯ ಇಲ್ಲ. ವಾರಂಟಿ ಕೇಳಿದರೆ, ತೂತು ಅದರಲ್ಲಿ ಬರುವುದಿಲ್ಲವಂತೆ.

ತೂತು ಹುಡುಕಲು ಒಂದು ಸುಲಭ ದಾರಿ ಇದೆ. ಒಳಗಿನ ಇಳಿಜಾರಿನ ಮೇಲೆ ಬಣ್ಣದಲ್ಲಿ ಗೆರೆ ಎಳೆದಿಡಿ. ಒಣ ಹವೆಯಲ್ಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ಆವಿಯಾಗುವುದು ಸಹಜ, ತುಂಬಿದ ಹೊಂಡದಲ್ಲಿ ಅದೇ 2,000 ಲೀಟರ್! ಅದಕ್ಕಿಂತ ಬೇಗ ಇಳಿದು, ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ ತೂತು ಆ ಮಟ್ಟದಲ್ಲೇ ಎಲ್ಲೋ ಇದೆ. ಸುತ್ತ ಒಂದು ಸುತ್ತು ಕೈಯಾಡಿಸಿದರೆ ಸಿಗುತ್ತದೆ. ತೇಪೆಯನ್ನು ಬಿಸಿ ಗಾಳಿಯಲ್ಲೇ ಬೆಸೆಯಿಸಿ. ಈ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಕಚ್ಚುವುದೇ ಇಲ್ಲ.

ಹಾಳೆಗೆ ಒಂದು ಅಂಕ ಕಡಿಮೆ ಮಾಡಿದ್ದು ಬಿಸಿಲಿಗಾಗಿ. ನೀರಿನ ಮೇಲಿರುವ ಭಾಗವೇ ಮೊದಲು ಹಾಳಾಗುವುದು. ಪೂರ್ತಿ ಖಾಲಿ ಬಿಟ್ಟರೆ ಗಾಳಿಗೂ ಏಳುತ್ತದೆ, ತಳದಲ್ಲಿ ಸ್ವಲ್ಪ ನೀರು ಇರಲೇಬೇಕು. ಒಳಹರಿವಿನ ಮುಂದೆ ಹೂಳು ಗುಂಡಿ, ಇನ್ನೊಂದು ಕಡೆ ಕೋಡಿ, ಇವೆರಡೂ ಇಲ್ಲದಿದ್ದರೆ ಹಾಳೆ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಹಂಚಿಕೆಯ ಲೆಕ್ಕ ಮೊದಲೇ ಕೂತು ಮಾಡಿ. ಈ ಅಳತೆಯ ಹೊಂಡದಲ್ಲಿ ನಿಲ್ಲುವುದು ಸುಮಾರು 7.4 ಲಕ್ಷ ಲೀಟರ್. ಕೇಳಲು ಸಮುದ್ರ. ಆದರೆ ಒಂದು ಎಕರೆಗೆ 50 ಮಿಲಿಮೀಟರ್ ನೀರು ಕೊಡಬೇಕೆಂದರೆ 2 ಲಕ್ಷ ಲೀಟರ್ ಬೇಕು. ಹಾಯಿ ನೀರು ಬಿಟ್ಟರೆ ಮೂರೂವರೆ ಎಕರೆಗೆ ಒಂದೇ ಸಲಕ್ಕೆ ಹೊಂಡ ಖಾಲಿ. ಹಾಗಾಗಿ ಇದು ಮಳೆ ಕೈಕೊಟ್ಟಾಗ ಬೆಳೆಯ ಜೀವ ಹಿಡಿಯುವ ನೀರು, ಹೊಸದಾಗಿ ನೀರು ಕುಡಿಯುವ ಬೆಳೆ ಹಾಕಲು ಅಲ್ಲ. ಇಷ್ಟನ್ನು ಎಲ್ಲರೂ ಒಪ್ಪಿ, ಸರದಿ ಬರೆದಿಟ್ಟು, ಪಂಪಿನ ಬೀಗದ ಕೈ ಯಾರ ಹತ್ತಿರ ಅಂತ ತೀರ್ಮಾನಿಸಿದ ಮೇಲೆ ಹಾಳೆಗೆ ಅಡ್ವಾನ್ಸ್ ಕೊಡಿ. ನಮ್ಮಲ್ಲಿ ತೂತಿಗಿಂತ ಜಾಸ್ತಿ ಜಗಳವಾಗಿದ್ದು ಆ ಬೀಗದ ಕೈಗೆ.

ಬೇಲಿ ಖರ್ಚನ್ನೂ ಇದರ ಜೊತೆಗೇ ಸೇರಿಸಿ. ಒದ್ದೆ ಹಾಳೆ ವಿಪರೀತ ಜಾರುತ್ತದೆ. ಈಜು ಬರುವವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ, ಇನ್ನು ಮಕ್ಕಳು, ಕರುಗಳ ಪಾಡು ಕೇಳಬೇಡಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಮೇಲೆ ಗೂಟಕ್ಕೆ ಭದ್ರವಾಗಿ ಕಟ್ಟಿ. ಹಾಸುವವರು ಇದನ್ನು ತಾವಾಗಿ ಮಾಡುವುದಿಲ್ಲ, ಮಾತಾಡುವಾಗಲೇ ಕೇಳಿ ಬರೆಸಿಕೊಳ್ಳಿ.