ಚಿರೇಕಲ್ಲೋ ಮಣ್ಣಿನ ಬ್ಲಾಕೋ, ಹೆಂಚೋ ಸ್ಲ್ಯಾಬೋ

ಉತ್ತರ ಕನ್ನಡದಲ್ಲಿ ಮನೆ ಕಟ್ಟುವವರು ಗೋಡೆಗೆ ಏನು ಹಾಕೋಣ ಎಂದು ಯೋಚಿಸುವ ಮೊದಲು ಸೂರು ಎಷ್ಟು ಚಾಚಲಿ ಎಂದು ತೀರ್ಮಾನಿಸಬೇಕು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ನೈಋತ್ಯದಿಂದ ಓರೆಯಾಗಿ ಬಡಿಯುವ ಮಳೆ. ಮೂರಡಿ ಸೂರಿದ್ದರೆ ಸಾಧಾರಣ ಗೋಡೆಯೂ ಬಾಳುತ್ತದೆ. ಸೂರಿಲ್ಲದ ಮನೆಯಲ್ಲಿ ಎಂಥ ಒಳ್ಳೆ ಗೋಡೆಯೂ ಆಗಸ್ಟ್ ಹೊತ್ತಿಗೆ ಬೂಸಲು ಹಿಡಿಯುತ್ತದೆ. 30×40 ಅಡಿ ಸೈಟಿನಲ್ಲಿ ನಾಲ್ಕೂ ಕಡೆ ಅಷ್ಟು ಬಿಡಲು ಜಾಗ ಸಿಗದು. ಪಡುವಣ ಮತ್ತು ತೆಂಕಣ ಬದಿಗಾದರೂ ಬಿಡಿ. ಬಚ್ಚಲು, ಮೆಟ್ಟಿಲು, ಉಗ್ರಾಣವನ್ನು ಆ ಬದಿಗೆ ತಳ್ಳಿ.

ಗೋಡೆಗೆ ಚಿರೇಕಲ್ಲು (ನೆಲದಿಂದ ಕಡಿದು ತೆಗೆಯುವ ಕೆಂಪು ಮುರಕಲ್ಲು), ಮಣ್ಣಿನ ಬ್ಲಾಕ್ ಎರಡನ್ನೂ ಬಳಸಿ ನೋಡಿದ ಮೇಲೆ ಕರಾವಳಿಗೆ ನಮ್ಮ ಆಯ್ಕೆ ಚಿರೇಕಲ್ಲು. ಸುಡುವ ಕೆಲಸವಿಲ್ಲ, ದೂರದಿಂದ ಲಾರಿಯಲ್ಲಿ ತರಬೇಕಿಲ್ಲ. ಆದರೆ ಕಲ್ಲು ನೋಡಿ ಆರಿಸಬೇಕು. ಬಿಳಿ ಜೇಡಿಯ ತೇಪೆ ಇರುವ ಕಲ್ಲು ನೀರು ಕುಡಿದು ಮೂಲೆ ಉದುರಿಸುತ್ತದೆ. ಬೆರಳಿನಲ್ಲಿ ಕೆರೆದರೆ ಆ ತೇಪೆ ಸುಣ್ಣದ ಹಿಟ್ಟಿನಂತೆ ಬರುತ್ತದೆ, ಅಂಥದ್ದನ್ನು ವಾಪಸ್ ಕಳಿಸಿ. ಹೊಸದಾಗಿ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಇದರ ಮೇಲೆ ದಪ್ಪ ಸಿಮೆಂಟ್ ಗಿಲಾವು ಬೇಡ: ಕಲ್ಲಿನೊಳಗಿನ ತೇವ ಹೊರಬರಲಾಗದೆ ಗಿಲಾವು ಉಬ್ಬಿ ಹಪ್ಪಳಿಕೆ ಏಳುತ್ತದೆ. ಹೊರಗೆ ಸಂದು ತುಂಬಿದರೆ ಸಾಕು, ಒಳಗೆ ಸುಣ್ಣದ ಗಾರೆ ಚೆನ್ನ.

ಮಣ್ಣಿನ ಬ್ಲಾಕ್ ಸುಡದೆ ಯಂತ್ರದಲ್ಲಿ ಒತ್ತಿ ಮಾಡುವಂಥದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಇದನ್ನು ಹದಗೊಳಿಸಿತು. ಶಿರಸಿಯ ಕಡೆ ಪಾಯ ತೆಗೆದ ಮಣ್ಣೇ ಸಿಗುವಲ್ಲಿ ಇದು ಚಿರೇಕಲ್ಲಿಗಿಂತ ಮೇಲು. ಮಣ್ಣನ್ನು ಮೊದಲು ಪರೀಕ್ಷಿಸಿ: ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳಕ್ಕಿಳಿದ ಮರಳು ಒಟ್ಟು ಪದರದಲ್ಲಿ ಮೂರನೇ ಎರಡು ಪಾಲಿಗಿಂತ ಕಡಿಮೆ ಇದ್ದರೆ ಹೊರಗಿನಿಂದ ಮರಳು ಸೇರಿಸಬೇಕು, ಇಲ್ಲದಿದ್ದರೆ ಒಣಗುವಾಗ ಬ್ಲಾಕ್ ಬಿರಿಯುತ್ತದೆ. 100 ಕಿಲೋ ಮಣ್ಣಿಗೆ 7 ಕಿಲೋ ಸಿಮೆಂಟ್. ನೀರು ಬೆರೆಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ, ಹುಲ್ಲು ಹೊದಿಸಿ ಮೂರು ವಾರ ನೀರುಣಿಸಿ. ಕೆಲಸ ಕೆಡುವುದು ಹೆಚ್ಚಾಗಿ ಈ ನೀರುಣಿಸುವಲ್ಲೇ. ಆದರೆ ನೆಲದಿಂದ ಎರಡಡಿ ಎತ್ತರದವರೆಗೆ ಗೋಡೆಯನ್ನು ಕಲ್ಲಿನಲ್ಲೇ ಕಟ್ಟಿ. ಅಂಗಳದಿಂದ ಸಿಡಿಯುವ ಹನಿ ಮಣ್ಣನ್ನು ಕೊರೆಯುತ್ತದೆ.

ಮಾಡಿನ ವಿಷಯದಲ್ಲಿ ಸ್ಲ್ಯಾಬಿಗೆ ಮೇಲಂತಸ್ತಿನ ಅನುಕೂಲ ಬಿಟ್ಟರೆ ಬೇರೆ ಹೆಚ್ಚುಗಾರಿಕೆ ಕಾಣಲಿಲ್ಲ. ಏಪ್ರಿಲ್‌ನಲ್ಲಿ ಹಗಲು ಕುಡಿದ ಬಿಸಿಯನ್ನು ರಾತ್ರಿ ಕೋಣೆಗೆ ಸುರಿಯುತ್ತದೆ. ಸಮುದ್ರದ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ಕಾಂಕ್ರೀಟನ್ನು ಒಡೆಯುತ್ತದೆ. ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಹೇಳುವುದು 45 ಮಿ.ಮೀ. ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ), ಮನೆ ಸ್ಲ್ಯಾಬುಗಳಲ್ಲಿ 20 ಬಿಟ್ಟರೆ ಹೆಚ್ಚು. ಕಾರವಾರದ ಕೋಡಿಬಾಗದಂಥ ಕಡಲಂಚಿನ ಕಡೆ ಸ್ಲ್ಯಾಬ್ ಹಾಕಲೇಬೇಕಾದರೆ, ಅಷ್ಟು ಅಂತರ ಉಳಿಸಲು ಕಬ್ಬಿಣದ ಕೆಳಗಿಡುವ ಕವರ್ ಬ್ಲಾಕನ್ನು ನಿಂತು ಅಳೆಯಿರಿ.

ಹೆಂಚಿನ ಮಾಡಿಗೆ 30 ಡಿಗ್ರಿಗಿಂತ ಕಡಿಮೆ ಇಳಿಜಾರು ಬೇಡ, ಗಾಳಿಮಳೆ ಸಂದಿನಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಒಂದೊಂದು ಕಂಪನಿಯ ಹೆಂಚಿನ ಅಳತೆ ಒಂದೊಂದು. ಹೆಂಚು ತಂದು, ಹತ್ತನ್ನು ನೆಲದ ಮೇಲೆ ಕೊಂಡಿ ಕೂಡಿಸಿ ಜೋಡಿಸಿ ಅಳೆದ ಮೇಲೆಯೇ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಹೊಡೆಸಿ. ಮರ ದುಬಾರಿಯೆಂದು ಕಬ್ಬಿಣದ ಪೈಪು ಹಾಕುವುದಾದರೆ ಸತುವಿನ ಲೇಪದ ಜಿಐ ತನ್ನಿ, ಆದರೂ ಬೆಸುಗೆಯ ಜಾಗ ಮೊದಲು ತುಕ್ಕು ಹಿಡಿಯುತ್ತದೆ. ಅಲ್ಲಿ ಸತುವಿನ ಪ್ರೈಮರ್ ಎರಡು ಕೋಟ್ ಬಳಿದು, ಪೈಪಿನ ತುದಿ ಮುಚ್ಚಿಸಿ. 100 ಚದರ ಮೀಟರ್ ಮಾಡಿನಿಂದ ಕಾರವಾರದಲ್ಲಿ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಬಾವಿಗೆ ಇಳಿಸಬಹುದು, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟರೆ.

ಹೆಂಚಿನ ನಿಜವಾದ ತೊಂದರೆ ಘಟ್ಟದ ಮೇಲೆ ಮಂಗ. ಮಾಡಿಗೆ ಎಟುಕುವ ಕೊಂಬೆ ಸವರಿಸಿ, ಅದೇ ಕಂಪನಿಯ ಐವತ್ತು ಹೆಂಚು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ.