ಕೃಷಿ ಹೊಂಡ ತೆಗೆಸುವವರೇ, ತಾಸಿನ ರೇಟು ನೋಡಿ ಮಷೀನ್ ಕರೆಸಬೇಡಿ

ಬೇಸಿಗೆ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆ ಹೊಂಡ ತೆಗೆಸುವ ಕೆಲಸ ಜೋರು. ಮಷೀನ್‌ಗಳಿಗೆ ಬಿಡುವೇ ಇರುವುದಿಲ್ಲ. ಸಿಕ್ಕ ಮಷೀನ್ ಕರೆಸಿ ತೋಡಿಸಿಬಿಡೋಣ ಎಂದುಕೊಂಡವರು ದಯವಿಟ್ಟು ಇದನ್ನು ಓದಿ. ನಮ್ಮ ಲಿಂಬೆ ತೋಟದ ಪಕ್ಕ ಆದದ್ದು ಇನ್ನೊಬ್ಬರ ಹೊಲದಲ್ಲಿ ಆಗಬಾರದು.

ನಾವು ಮಾತಾಡಿದ್ದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡಕ್ಕೆ. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬಿಟ್ಟರೂ ಸುಮಾರು 830 ಘನ ಮೀಟರ್ ಮಣ್ಣು ಹೊರಗೆ ಬರಬೇಕು. ನೂರಾರು ಟ್ರ್ಯಾಕ್ಟರ್ ಡಬ್ಬಿ ಮಣ್ಣು ಅದು. ಅದಕ್ಕೇ ಟೈರಿಲ್ಲದೆ ಉಕ್ಕಿನ ಪಟ್ಟಿಯ ಮೇಲೆ ಓಡುವ ಚೈನ್ ಮಷೀನ್ ಬೇಕು, ಹಿಟಾಚಿನೇ ಕಳಿಸಿ ಎಂದಿದ್ದೆವು. ಮಾಲೀಕ ಒಪ್ಪಿ ಮುಂಗಡ ತೆಗೆದುಕೊಂಡ. ಬೆಳಗ್ಗೆ ಬಂದು ನಿಂತದ್ದು ಟೈರಿನ ಜೆಸಿಬಿ.

"ಎರಡೂ ಅದೇ ಕೆಲಸ ಮಾಡ್ತಾವ್ರಿ ಕಾಕಾ, ಇದರ ತಾಸಿನ ರೇಟೂ ಕಡಿಮಿ ಐತಿ. ಕಾಳಜಿ ಮಾಡಬ್ಯಾಡ್ರಿ," ಎಂದು ಮಾಲೀಕ ನಮ್ಮ ಕಾಕಾನಿಗೆ ಸಮಜಾಯಿಷಿ ಹೇಳಿದ. ಮುಂಗಾರು ಹತ್ತಿರ ಬಂದಿತ್ತು, ಬೇರೆ ಮಷೀನ್ ಎಲ್ಲೂ ಖಾಲಿ ಇರಲಿಲ್ಲ.

ಎರಡೂ ಅದೇ ಕೆಲಸ ಮಾಡುವುದಿಲ್ಲ. ಜೆಸಿಬಿಯ ಹಿಂದಿನ ಕೈ ಅರ್ಧ ಸುತ್ತು ಮಾತ್ರ ತಿರುಗುತ್ತದೆ. ಹೊಂಡದ ನಡುವಿನ ಮಣ್ಣು ದಂಡೆ ಸೇರಬೇಕಾದರೆ ಅದೇ ಮಣ್ಣನ್ನು ಎರಡೆರಡು ಸಲ ಎತ್ತಬೇಕು. ಜಾಗ ಬದಲಿಸುವಾಗಲೆಲ್ಲ ನೆಲಕ್ಕೆ ಊರಿದ ಅದರ ಕಾಲು ಎತ್ತಬೇಕು, ಸರಿಯಬೇಕು, ಮತ್ತೆ ಊರಬೇಕು. ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಮೀಟರ್ ಓಡುತ್ತಲೇ ಇರುತ್ತದೆ. ಹಿಟಾಚಿ ನಿಂತಲ್ಲೇ ಪೂರ್ತಿ ತಿರುಗಿ ದೂರಕ್ಕೆ ಮಣ್ಣು ಚೆಲ್ಲುತ್ತದೆ. ತಾಸಿಗೆ ಅದರ ರೇಟು ಜಾಸ್ತಿ, ನಿಜ. ಆದರೆ ನಮಗೆ ಬಂದ ಬಿಲ್ಲು ಹಿಟಾಚಿಗೆ ಹೇಳಿದ್ದ ಅಂದಾಜನ್ನೂ ಮೀರಿತು.

ದುಡ್ಡು ಹೋದದ್ದು ಒಂದು ಕಡೆ. ಹೊಂಡವಾದರೂ ನೆಟ್ಟಗಾಗಬೇಕಿತ್ತಲ್ವಾ? ಎರೆ ಮಣ್ಣು ಮುಗಿದು ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು, ಹತ್ತಿತು, ಅದರ ಕೆಳಗೆ ಕಲ್ಲು. ಬಕೆಟ್ಟಿನ ಹಲ್ಲು ಕೆರೆಯಿತೇ ಹೊರತು ಒಳಗೆ ಇಳಿಯಲಿಲ್ಲ. ಕಲ್ಲು ಒಡೆಯುವ ಬ್ರೇಕರ್‌ಗೆ ಬೇರೆ ರೇಟು ಎಂದ. ಇಳಿಜಾರು ತೆಗೆಯಲು ತಾಳ್ಮೆ ಇಲ್ಲದೆ ಬದಿಗಳನ್ನು ಗೋಡೆಯಂತೆ ನೆಟ್ಟಗೆ ಕಡಿದ. ತೋಡಿದ ಮಣ್ಣನ್ನೆಲ್ಲ ಅಂಚಿಗೇ ಗುಡ್ಡೆ ಹಾಕಿ ಹೋದ.

ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಸೆಪ್ಟೆಂಬರ್ ಮಳೆಗೆ ಒಂದು ಬದಿ ಗುಡ್ಡೆ ಸಮೇತ ಕುಸಿದು, ನೀರು ಇಂಗದಿರಲೆಂದು ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹರಿಯಿತು. ಕುಸಿಯದ ಕಡೆಯೂ ನೀರು ಇಳಿಯುತ್ತಿತ್ತು. ಹಾಳೆ ಎತ್ತಿ ನೋಡಿದರೆ ಬೆರಳು ತೂರುವಂಥ ತೂತು, ಅದರ ನೇರಕ್ಕೆ ಕೆಳಗೆ ಮೊನಚಾದ ಕಲ್ಲು. ತುಂಬಿದ ನೀರು ಗರಸಿನೊಳಗೆ ಇಂಗಿಹೋಯಿತು.

ಆದ್ದರಿಂದ ಮಷೀನ್ ಗೊತ್ತು ಮಾಡುವ ಮೊದಲು ಎರಡು ಮೂರು ಕಡೆ ಪೂರ್ತಿ ಆಳಕ್ಕೆ ಗುಂಡಿ ತೆಗೆಸಿ ನೋಡಿ. ಬರೀ ಮೆತ್ತನೆ ಮಣ್ಣಿದ್ದು, 10 ಮೀಟರ್ ಚೌಕದ ಸಣ್ಣ ಹೊಂಡವಾದರೆ ಜೆಸಿಬಿಯೇ ಸಾಕು. ಚೈನ್ ಮಷೀನನ್ನು ಟ್ರೇಲರ್ ಮೇಲೆ ತರಿಸುವ ಬಾಡಿಗೆ ಸುಮ್ನೆ ದಂಡ. ಗರಸು, ಕಲ್ಲು ಸಿಕ್ಕರೆ ಹಿಟಾಚಿಗೇ ಮಾತಾಡಿ, ಬ್ರೇಕರ್ ರೇಟೂ ಅವತ್ತೇ ಹೇಳಿಸಿ. ತಾಸಿನ ಲೆಕ್ಕಕ್ಕಿಂತ ಇಡೀ ಹೊಂಡಕ್ಕೆ ಗುತ್ತಿಗೆ ಮಾತಾಡುವುದು ಒಳ್ಳೆಯದು. ಯಾವ ಮಷೀನ್, ಎಷ್ಟು ಇಳಿಜಾರು, ಮಣ್ಣು ಅಂಚಿನಿಂದ ಎಷ್ಟು ದೂರ ಬೀಳಬೇಕು, ಎಲ್ಲವನ್ನೂ ಬರೆಸಿಕೊಂಡೇ ಮುಂಗಡ ಕೊಡಿ. ಬೇರೆ ಮಷೀನ್ ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಹಾಳೆ ಹಾಸುವ ಮುನ್ನ ಆಳುಗಳಿಂದ ಕಲ್ಲು ಆರಿಸಿ.

ಇನ್ನೊಂದು ಮಾತು. ಬೇಲಿಗೆಂದು ಇಟ್ಟಿದ್ದ ನಮ್ಮ ದುಡ್ಡನ್ನು ಆ ತಾಸಿನ ಬಿಲ್ಲೇ ನುಂಗಿತು. ನೆನೆದ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಈಜು ಬಲ್ಲವರ ಕಾಲೂ ನಿಲ್ಲುವುದಿಲ್ಲ, ಮಕ್ಕಳ ಪಾಡೇನು? ಬೇಲಿಯ ಖರ್ಚನ್ನು ಮಷೀನ್ ಬಿಲ್ಲಿಗೆ ಮುಟ್ಟಿಸದೆ ಬೇರೆ ಇಡಿ. ನೀರು ತುಂಬುವ ಮೊದಲೇ ಬೇಲಿ ಹಾಕಿಸಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ.