ನೀರು ಇಳಿದಿದ್ದಾಗ ಹೋದೆವು: ಪ್ರವಾಹ ನಿಯಂತ್ರಣ ಜಲಾಶಯವೊಂದರ ವಿಹಾರ ಸೇವೆಯ ವಿಮರ್ಶೆ

ಪ್ರವಾಹ ತಡೆಯಲೆಂದೇ ಕಟ್ಟಿದ ಜಲಾಶಯವೊಂದರ ದಡದಲ್ಲಿ ನಡೆಯುತ್ತಿರುವ ದೋಣಿವಿಹಾರ ಮತ್ತು ಶಿಬಿರ ಸೇವೆಯನ್ನು ನಾವು ನಾಲ್ವರು ಎರಡು ದಿನ ಬಳಸಿದೆವು. ಪ್ರಚಾರದ ಚಿತ್ರಗಳಲ್ಲಿ ಮರಗಳ ಬುಡದವರೆಗೂ ತುಂಬಿ ನಿಂತ ನೀಲಿ ನೀರನ್ನು ನೋಡಿ ಹೋಗಿದ್ದ ನಮಗೆ ಎದುರಾದದ್ದು, ದಡಕ್ಕೂ ನೀರಿಗೂ ನಡುವೆ ಹರಡಿಕೊಂಡಿದ್ದ ಬಿರುಕುಬಿಟ್ಟ ಕೆಸರಿನ ಅಗಲವಾದ ಪಟ್ಟಿ. ದೋಣಿ ಇಳಿಸಲು ಕಟ್ಟಿದ ಕಾಂಕ್ರೀಟ್ ಇಳಿಜಾರು ನೀರನ್ನು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಅಲ್ಲಿಂದ ಮುಂದೆ ಕಯಾಕ್‌ಗಳನ್ನು ಹೊತ್ತು, ಮೊಣಕಾಲವರೆಗೆ ಹೂಳಿನಲ್ಲಿ ಹೂತುಕೊಳ್ಳುತ್ತಲೇ ನೀರಿಗಿಳಿಯಬೇಕಾಯಿತು. ನೀರು ಕಡಿಮೆ ಇದ್ದುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಕಡಿಮೆ ಇರುತ್ತದೆ ಎಂಬುದನ್ನು ಮುಂಗಡ ಕಾಯ್ದಿರಿಸುವಾಗ ಯಾರೂ ಹೇಳಲಿಲ್ಲ ಎಂಬುದೇ ಈ ಸೇವೆಯ ಬಗ್ಗೆ ನನ್ನ ಮುಖ್ಯ ದೂರು.

ಏಕೆಂದರೆ ಇಂತಹ ಜಲಾಶಯ ಖಾಲಿ ಇದ್ದಾಗಲೇ ತನ್ನ ಕೆಲಸಕ್ಕೆ ಸಿದ್ಧವಾಗಿರುತ್ತದೆ. ಮಳೆಗೆ ಮೊದಲೇ ತುಂಬಿಕೊಂಡಿರುವ ಜಲಾಶಯಕ್ಕೆ ಬರುವ ನೆರೆಯನ್ನು ಹಿಡಿದಿಡಲು ಜಾಗವೇ ಇರುವುದಿಲ್ಲ. 1908ರ ಮೂಸಿ ನದಿಯ ಮಹಾಪ್ರವಾಹದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಹೈದರಾಬಾದಿನ ಮೇಲ್ಭಾಗದಲ್ಲಿ ಕಟ್ಟಿದ ಉಸ್ಮಾನ್ ಸಾಗರ (1920) ಮತ್ತು ಹಿಮಾಯತ್ ಸಾಗರಗಳು (1927) ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಕುಡಿಯುವ ನೀರಿನ ದೃಷ್ಟಿಯಿಂದ ಜಲಾಶಯ ತುಂಬಿರಬೇಕು, ನೆರೆಯ ದೃಷ್ಟಿಯಿಂದ ಬರಿದಾಗಿರಬೇಕು. ಈ ಎಳೆದಾಟಕ್ಕೆ ಮೂರನೆಯವರಾಗಿ ಸೇರಿಕೊಳ್ಳುವವರು ವಿಹಾರಕ್ಕೆ ಬರುವ ನಾವು, ಮತ್ತು ನಮಗೂ ತುಂಬಿದ ನೀರೇ ಬೇಕು. ಹೀಗಿರುವಾಗ ಆಯಾ ವಾರದ ನೀರಿನ ಮಟ್ಟವನ್ನು ತಿಳಿಸುವುದು ವಿಹಾರ ಸೇವೆಯೊಂದು ಪಾಲಿಸಲೇಬೇಕಾದ ಕನಿಷ್ಠ ಪ್ರಾಮಾಣಿಕತೆ ಎಂದು ನಾನು ಭಾವಿಸುತ್ತೇನೆ.

ಇಷ್ಟು ಹೇಳಿದ ಮೇಲೆ, ನಮ್ಮನ್ನು ಕರೆದೊಯ್ದ ಮಾರ್ಗದರ್ಶಿಯನ್ನು ಮನಸಾರೆ ಮೆಚ್ಚದೆ ಇರಲಾರೆ. ಅಣೆಕಟ್ಟಿನ ಸಮೀಪ, ಆಳ ಹೆಚ್ಚಿರುವ ಕಡೆ ದೋಣಿ ನಿಲ್ಲಿಸಿ, ಅವರು ಹಗ್ಗಕ್ಕೆ ಕಟ್ಟಿದ ಭಾರದ ಬಾಟಲಿಯೊಂದನ್ನು ತಳಕ್ಕೆ ಇಳಿಸಿ ನೀರು ತುಂಬಿಸಿ ಮೇಲೆತ್ತಿದರು. "ನೀವೇ ಮುಟ್ಟಿ ನೋಡಿ ಸರ್" ಎಂದರು. ಮೇಲಿನ ನೀರು ಬೆಚ್ಚಗಿತ್ತು. ಬಾಟಲಿಯದು ಕೈ ಕೊರೆಯುವಷ್ಟು ತಣ್ಣಗಿದ್ದು, ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಬಿಸಿಲಿಗೆ ಕಾದ ಹಗುರವಾದ ನೀರು ಮೇಲೆಯೂ ತಣ್ಣನೆಯ ಭಾರವಾದ ನೀರು ಕೆಳಗೆಯೂ ಬೇರೆ ಬೇರೆ ಪದರಗಳಾಗಿ ನಿಂತುಬಿಡುವುದರಿಂದ ತಳಕ್ಕೆ ಗಾಳಿ ತಲುಪುವುದಿಲ್ಲ, ಮುಳುಗಿದ ಗಿಡಮರಗಳು ಅಲ್ಲಿ ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ಮುಗಿಸುತ್ತವೆ, ತಳದ ತೂಬಿನಿಂದ ಅದೇ ನೀರನ್ನು ಬಿಟ್ಟಾಗ ಕೆಳಗಿನ ಹೊಳೆಯ ಮೀನುಗಳು ಉಸಿರಿಗಾಗಿ ಒದ್ದಾಡುತ್ತವೆ ಎಂದು ಅವರು ವಿವರಿಸಿದರು. ಓದಿ ತಿಳಿದಿದ್ದ ವಿಷಯವೇ ಆದರೂ, ಆ ತಣ್ಣನೆಯ ಬಾಟಲಿಯನ್ನು ಹಿಡಿದಾಗ ಅರ್ಥವಾದಷ್ಟು ಎಂದೂ ಅರ್ಥವಾಗಿರಲಿಲ್ಲ.

ಮಧ್ಯಾಹ್ನ ಅಣೆಕಟ್ಟಿನ ಕೆಳಗೆ ನಡಿಗೆಗೆ ಕರೆದೊಯ್ದರು. ನದೀಪಾತ್ರದಲ್ಲಿ ಮರಳು ಇರಲಿಲ್ಲ, ಬರೀ ದಪ್ಪ ಕಲ್ಲುಗಳು. ಮರಳು, ಮೆಕ್ಕಲು ಎಲ್ಲವೂ ಮೇಲೆ ಜಲಾಶಯದಲ್ಲೇ ನಿಂತುಬಿಟ್ಟಿವೆ. ಬರಿಗೈಯಲ್ಲಿ ಹರಿಯುವ ನೀರು ತನ್ನ ಪಾತ್ರವನ್ನೇ ಕೊರೆಯುತ್ತ ಹೋಗಿದೆ. ದಡದಾಚೆಯ ತಗ್ಗುಗಳಿಗೆ ವರ್ಷಕ್ಕೊಮ್ಮೆ ನುಗ್ಗುತ್ತಿದ್ದ ನೆರೆ ಈಗ ಬರುವುದಿಲ್ಲವಾದ್ದರಿಂದ, ಮೀನುಗಳು ಮೊಟ್ಟೆಯಿಡುತ್ತಿದ್ದ ಹೊಂಡಗಳೂ ಒಣಗಿವೆ. ಕೆಳಗಿನ ಊರುಗಳು ಸುರಕ್ಷಿತವಾಗಿರುವುದೂ ಇದೇ ಕಾರಣಕ್ಕೆ ಎಂಬುದನ್ನು ಮಾರ್ಗದರ್ಶಿ ಮರೆಯದೆ ಹೇಳಿದ್ದು ನನಗೆ ಹಿಡಿಸಿತು.

ಶಿಬಿರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ಟೆಂಟ್‌ಗಳು ಸ್ವಚ್ಛವಾಗಿದ್ದವು, ಗರಿಷ್ಠ ನೀರಿನ ಮಟ್ಟದ ಗುರುತಿಗಿಂತ ಮೇಲೆಯೇ ಇದ್ದವು. ಆದರೆ ಗಾಳ ಬಾಡಿಗೆಗೆ ಕೊಡುವ ಕೌಂಟರ್‌ನಲ್ಲಿ, ಹಿಡಿದ ಮೀನನ್ನು ತಿನ್ನಬಹುದೇ ಎಂದು ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಹೊಸದಾಗಿ ಮುಳುಗಿದ ಮಣ್ಣಿನಲ್ಲಿರುವ ಪಾದರಸವನ್ನು ಸೂಕ್ಷ್ಮಜೀವಿಗಳು ವಿಷಕಾರಿ ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಅದು ದೊಡ್ಡ ಮೀನುಗಳಲ್ಲಿ ಹಲವು ವರ್ಷ ಶೇಖರವಾಗುತ್ತ ಹೋಗುತ್ತದೆ. ಆದ್ದರಿಂದ ಅಲ್ಲೊಂದು ಫಲಕ ಇರಲೇಬೇಕಿತ್ತು.

ಮಾಹಿತಿ ಕೊಠಡಿಯಲ್ಲಿ ಈ ಅಣೆಕಟ್ಟಿನ ಗುಣಗಾನ ಬಿಟ್ಟರೆ ಬೇರೆ ದಾರಿಗಳ ಮಾತೇ ಇಲ್ಲ. ಅಮೆರಿಕದ ಒಹಾಯೊದಲ್ಲಿ 1913ರ ಪ್ರವಾಹದ ನಂತರ ಕಟ್ಟಿ 1922ರಲ್ಲಿ ಮುಗಿಸಿದ ಐದು ಒಣ ಅಣೆಕಟ್ಟುಗಳು ಶಾಶ್ವತವಾಗಿ ನೀರನ್ನು ನಿಲ್ಲಿಸುವುದೇ ಇಲ್ಲ. ತಳದ ತೆರೆದ ಕಿಂಡಿಗಳಲ್ಲಿ ನದಿ ಎಂದಿನಂತೆ ಹರಿಯುತ್ತದೆ, ನೆರೆ ಬಂದಾಗ ಮಾತ್ರ ನೀರು ಹಿಂದೆ ನಿಲ್ಲುತ್ತದೆ. ಉಳಿದ ಕಾಲದಲ್ಲಿ ಆ ನೆಲ ಹೊಲವಾಗಿ, ಉದ್ಯಾನವಾಗಿ ಬಳಕೆಯಾಗುತ್ತದೆ. ದೋಣಿ ಇಲ್ಲದ ವಿಹಾರವೂ ಸಾಧ್ಯ ಎಂಬುದನ್ನು ಬಂದವರಿಗೆ ತಿಳಿಸಬೇಕು.

ಎರಡನೆಯ ದಿನ ಬೆಳಿಗ್ಗೆ ಅದೇ ಕೆಸರಿನ ಪಟ್ಟಿಯ ಮೇಲೆ ನಡೆದೆವು. ಗೊರವಗಳು ಹೆಸರಿಟ್ಟು ಕರೆದಂತೆ ಒಂದರ ಹಿಂದೊಂದು ಬಂದು ಹುಳ ಹೆಕ್ಕುತ್ತಿದ್ದವು. ಒಂದೆಡೆ ಬೊಗಸೆಯಷ್ಟು ತಗ್ಗಿನಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆಗಳು, ಮಣ್ಣಿನದೇ ಬಣ್ಣ, ಕಪ್ಪು ಚುಕ್ಕೆ. ಯಾರೂ ತುಳಿಯದಿರಲೆಂದು ಮಾರ್ಗದರ್ಶಿ ಸ್ವಲ್ಪ ದೂರದಲ್ಲಿ ಸುತ್ತಲೂ ಕಲ್ಲಿಟ್ಟಿದ್ದರು. ಮರಿಯಾಗುವ ಮೊದಲೇ ನೀರು ಏರಿದರೆ ಏನು ಮಾಡುವಿರಿ ಎಂದು ಕೇಳಿದೆ. ಕಳೆದ ವರ್ಷ ಹಾಗೆಯೇ ಆಯಿತು ಎಂದಷ್ಟೇ ಹೇಳಿ ಮುಂದೆ ನಡೆದರು. ಮತ್ತೆ ಹೋದರೆ ಕಯಾಕ್ ಬಿಟ್ಟು ಈ ಬೆಳಗಿನ ನಡಿಗೆಗಷ್ಟೇ ಹೆಸರು ಬರೆಸುತ್ತೇನೆ.